ಸರ್ವೇಯರ್ ಸಾಹೇಬರ ಎಡ ಹುಬ್ಬು

"ಒಂದು ಲೋಟದ ಮೇಲೆ ಬೆಂಕಿ ಹಚ್ಚೋದನ್ನ ನೋಡೋಕೆ ದ್ವೀಪಕ್ಕೇ ಹೋಗಬೇಕಾ ಭಾವ? ನಾಳೆ ನಮ್ಮ ಮನೆಗೆ ಬನ್ನಿ, ನಾನು ಹಚ್ಚಿ ತೋರಿಸ್ತೀನಿ!"

ಹೀಗೆ ಗುಡುಗಿ ಸರ್ವೇಯರ್ ಸಾಹೇಬರು ಫೋನಿಟ್ಟರು. ಆ ಕಡೆ ಇದ್ದವರು ಹೆಂಡತಿಯ ಅಣ್ಣ. ಸಮುದ್ರದ ನಡುವಿನ ಯಾವುದೋ ದ್ವೀಪ ಸುತ್ತಿ ಬಂದಿದ್ದ ಅವರು, ಅಲ್ಲಿ ಕುಡಿದ ಟಿಕಿ ಕಾಕ್‌ಟೇಲನ್ನು ಫೋನಿನಲ್ಲೇ ಬಡಿಸಿದ್ದರು. ಮಸಾಲೆ ರಮ್ಮು, ಅನಾನಸ್ ರಸ, ಚಕ್ಕೆಯ ಪಾಕ, ಮೇಲೊಂದು ಪುಟ್ಟ ಕಾಗದದ ಕೊಡೆ, ಪಕ್ಕದಲ್ಲಿ ನಿಂಬೆ ಸಿಪ್ಪೆಯ ಬಟ್ಟಲಲ್ಲಿ ನೀಲಿಯಾಗಿ ಉರಿಯುವ ಜ್ವಾಲೆ! ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಇದೆಲ್ಲ ನಿಮ್ಮ ಕೈಲಿ ಆಗೋ ಕೆಲಸ ಅಲ್ಲ ಬಿಡಿ" ಎಂದೂ ಸೇರಿಸಿಬಿಟ್ಟಿದ್ದರು.

ಬೆಂಕಿಯ ವಿಷಯದಲ್ಲಿ ಈ ಮಾತೇ? ಅದೂ ಸರ್ವೇಯರ್ ಸಾಹೇಬರಿಗೇ? ಬೆಂಕಿಯೇ ಅವರ ಅನ್ನ! ವಿಮಾ ಕಂಪನಿಯ ಪರವಾಗಿ ಸುಟ್ಟ ಅಂಗಡಿ, ಗೋದಾಮುಗಳಿಗೆ ಹೋಗಿ ಬೂದಿ ಕೆದಕಿ, ಕಿಡಿ ಎಲ್ಲಿ ಹುಟ್ಟಿತು, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಪತ್ತೆ ಹಚ್ಚುವುದು ಅವರ ಉದ್ಯೋಗ. ಸಾಲದ್ದಕ್ಕೆ ತಾವಿದ್ದ ಕಟ್ಟಡದ ಸುರಕ್ಷತಾ ಸಮಿತಿಗೂ ಅವರೇ ಕಾರ್ಯದರ್ಶಿ.

"ಇವತ್ತು ಒಂದು ರಿಹರ್ಸಲ್ ಮಾಡ್ತೀನಿ ಕಣೇ" ಎಂದರು ಹೆಂಡತಿಗೆ.

ಔಷಧಿ ಅಂಗಡಿಯ ಕೆಲಸಕ್ಕೆ ಹೊರಟಿದ್ದ ಹೆಂಡತಿ ಚಪ್ಪಲಿ ಮೆಟ್ಟುತ್ತಾ, "ಮಾಡಿ. ನಾನು ಬರೋ ಹೊತ್ತಿಗೆ ಮನೆ ಇದ್ದರೆ ಸಾಕು" ಎಂದಳು.

ಸಾಹೇಬರು ಹೂವಿನ ಚಿತ್ತಾರದ ಅಂಗಿ ತೊಟ್ಟು ಅಡುಗೆಮನೆಯೆಂಬ ರಣರಂಗಕ್ಕಿಳಿದರು. ಪಾಕ ಕುದಿಯಿತು. ಅನಾನಸ್ಸು ಮಿಕ್ಸಿಯಲ್ಲಿ ಗಿರಗಿರನೆ ತಿರುಗಿತು. ಐಸು ತುಂಬಿದ ಡಬ್ಬಿಯನ್ನು ಅವರು ಕುಲುಕಿದ ರಭಸಕ್ಕೆ ಮುಚ್ಚಳ ಹಾರಿ ಫ್ರಿಜ್ಜಿನ ಹಿಂದೆ ಸೇರಿತು. ಪರವಾಗಿಲ್ಲ! ಎತ್ತರದ ಲೋಟದಲ್ಲಿ ಪಾನೀಯ ಸಂಜೆಯ ಬಣ್ಣಕ್ಕೆ ತಿರುಗಿ ನಿಂತಿತು. ಕೊಡೆ ಸಿಗಿಸಿದರು. ನಿಂಬೆ ಬಟ್ಟಲು ತೇಲಿಬಿಟ್ಟು, ಅದಕ್ಕೆ ಖಡಕ್ ರಮ್ಮು ಸುರಿದು ಕಡ್ಡಿ ಗೀರಿದರು. ನೀಲಿ ಜ್ವಾಲೆ ಎದ್ದು ನಿಂತಿತು. ಆಹಾ!

ಇಲ್ಲಿಗೇ ಸಾಕಾಗಿತ್ತು. ಆದರೆ ಉರಿಯ ಮೇಲೆ ಚಕ್ಕೆ ಪುಡಿ ಉದುರಿಸಿದರೆ ನಕ್ಷತ್ರಗಳಂತೆ ಕಿಡಿ ಹಾರುತ್ತವೆ ಎಂದೂ ಭಾವ ಹೇಳಿದ್ದರಲ್ಲ! ಒಂದು ಚಿಟಿಕೆ ಹಾಕಿದರು. ಪುಟ್ಟ ನಕ್ಷತ್ರ. ಸಾಹೇಬರ ದರ್ಜೆಗೆ ಪುಟ್ಟ ನಕ್ಷತ್ರ ಸಾಲುತ್ತದೆಯೇ? ಡಬ್ಬಿಯನ್ನೇ ಬೋರಲು ಹಾಕಿ ತಟ್ಟಿದರು.

ಭುಗ್!

ಇಡೀ ಆಕಾಶವೇ ಮುಖಕ್ಕೆ ಬಂದಿತು. ಕಾಗದದ ಕೊಡೆ ಹೊತ್ತಿಕೊಂಡು ಉರುಳಿ, ಪಕ್ಕದ ಕೈ ಒರೆಸುವ ಬಟ್ಟೆಗೆ ಬೆಂಕಿ ದಾಟಿಸಿತು. ಸಾಹೇಬರು ಅದನ್ನು ಇಕ್ಕಳದಿಂದ ಎತ್ತಿ ಸಿಂಕಿಗೆಸೆದು ನಲ್ಲಿ ತಿರುಗಿಸಿದರು. ಬೆಂಕಿ ಆರಿತು. ಹೊಗೆ ಮಾತ್ರ ಈಗಷ್ಟೇ ತನ್ನ ಭಾಷಣ ಶುರುಮಾಡಿತ್ತು.

ಹೆಂಡತಿ ಬರುವ ಹೊತ್ತಾಗಿತ್ತು. ಸಾಹೇಬರು ಮುಂಬಾಗಿಲು ತೆರೆದು, ಟವೆಲ್ ಬೀಸಿ ಬೀಸಿ ಹೊಗೆಯನ್ನೆಲ್ಲ ಹೊರಗಟ್ಟಿ ಬಾಗಿಲು ಮುಚ್ಚಿದರು. ಹೊಗೆ ಮೇಲಕ್ಕೇ ಹೋಗುತ್ತದೆಂಬುದನ್ನು ಊರಿಗೆಲ್ಲ ಪಾಠ ಹೇಳಿದವರೇ ಮರೆತಿದ್ದರು. ಅದು ನೆಟ್ಟಗೆ ಮೆಟ್ಟಿಲು ಹತ್ತಿ ಮೇಲಿನ ಮಹಡಿಯ ಅಲಾರಂಗೆ ಮುತ್ತಿಟ್ಟಿತು.

ಟ್ರಿಣ್ಣ್ಣ್‌!

ಇಡೀ ಕಟ್ಟಡ ಕೆಳಗಿಳಿಯಿತು. ಒಬ್ಬರ ಗಡ್ಡದ ತುಂಬ ಸೋಪಿನ ನೊರೆ, ಇನ್ನೊಬ್ಬರ ಕಂಕುಳಲ್ಲಿ ಬೆಕ್ಕು. ತಲೆಗೊಂದು ಟೊಪ್ಪಿ ಜಗ್ಗಿಕೊಂಡು ಸಾಹೇಬರೂ ಇಳಿದರು. ಸ್ವಲ್ಪ ಹೊತ್ತಿಗೆ ನಿವಾಸಿಗಳ ಸಂಘದ ಅಧ್ಯಕ್ಷರು ಮೇಲೆಲ್ಲ ನೋಡಿ ಬಂದು ಏದುಸಿರು ಬಿಡುತ್ತಾ ಘೋಷಿಸಿದರು.

"ಗಾಬರಿ ಬೇಡ. ಹೊಗೆ ಇದ್ದದ್ದು ಮೇಲಿನ ಮಹಡೀಲಿ. ಟೀಚರಮ್ಮನ ಬಾಗಿಲ ಹತ್ತಿರ."

ಎಲ್ಲರ ಕಣ್ಣೂ ಟೀಚರಮ್ಮನ ಕಡೆ ಹೊರಳಿತು. ನಿವೃತ್ತ ಶಿಕ್ಷಕಿ, ಒಂಟಿ ಹೆಂಗಸು. ಹಿಂದೊಮ್ಮೆ ಒಲೆಯ ಮೇಲೆ ಹಾಲಿಟ್ಟು ಮರೆತು ಪಾತ್ರೆ ಸುಟ್ಟಿದ್ದರು. ಅಂದಿನಿಂದ ಅವರ ಮನೆಯ ಒಲೆ ತೆಗೆಸಿಬಿಡಬೇಕೆಂದು ಕೆಲವರು ಹಟ ಹಿಡಿದಿದ್ದರು.

"ಒಲೆ ಆರಿಸಿದ್ದೆ ಅಂತ ನೆನಪು..." ಟೀಚರಮ್ಮ ಸೆರಗಿನ ಅಂಚು ತಿರುವುತ್ತಾ ನಿಂತರು. "ಟೀ ಮಾಡ್ಕೊಂಡೆ. ಆಮೇಲೆ... ಆರಿಸಲಿಲ್ಲವೇನೋ. ನನಗೇ ಗೊತ್ತಾಗ್ತಿಲ್ಲ."

"ಇನ್ನು ಸುಮ್ಮನಿರೋಕಾಗಲ್ಲ" ಎಂದರು ಅಧ್ಯಕ್ಷರು. "ಒಲೆ ತೆಗೆಸೋಣ. ಊಟ ಹೊರಗಿಂದ ತರಿಸ್ಕೊಳ್ಳಲಿ. ಏನಂತೀರಿ ಕಾರ್ಯದರ್ಶಿಗಳೇ? ಬೆಂಕಿ ವಿಷಯ ನಿಮಗಿಂತ ಯಾರಿಗೆ ಗೊತ್ತು?"

ಸಾಹೇಬರು ಟೊಪ್ಪಿಯನ್ನು ಇನ್ನಷ್ಟು ಕೆಳಗೆಳೆದರು. ಬಾಯಿ ತೆರೆದರೆ ಮರ್ಯಾದೆ ಹೋಗುತ್ತದೆ! ಅವರು ಗಂಟಲು ಸರಿಮಾಡಿಕೊಂಡು, "ಅದೂ... ಹಾಗೇ... ಸುರಕ್ಷತೆ ಮುಖ್ಯ" ಎಂದರು.

ಅಂದ ಮರುಕ್ಷಣವೇ ಟೀಚರಮ್ಮ ಅವರತ್ತ ನೋಡಿ, ಅಪರಾಧಿಯಂತೆ ತಲೆಯಾಡಿಸಿದರು. "ನೀನು ಹೇಳಿದ ಮೇಲೆ ಸರಿಯಾಗೇ ಇರುತ್ತಪ್ಪಾ."

ಮುಖದ ಉರಿಗಿಂತ ಆ ಮಾತು ಹೆಚ್ಚು ಸುಟ್ಟಿತು. ಎಷ್ಟೋ ಅಂಗಡಿಗಳ ಬೂದಿಯ ನಡುವೆ ಕಣ್ಣು ತಪ್ಪಿಸಿ ನಿಂತ ಸುಳ್ಳರನ್ನು ಅವರು ನೋಡಿದ್ದರು. ಇವತ್ತು ಹಾಗೆ ನೆಲ ನೋಡುತ್ತಿದ್ದವರು ಅವರೇ.

ಆ ಹೊತ್ತಿಗೆ ಹೆಂಡತಿ ಬಂದಳು. ಗುಂಪನ್ನು ನೋಡಿದಳು, ಗಂಡನನ್ನು ನೋಡಿದಳು, ತೋಳು ಹಿಡಿದು ಮೆಟ್ಟಿಲ ಪಕ್ಕಕ್ಕೆಳೆದಳು.

"ಏನ್ರೀ, ಟೊಪ್ಪಿ ಯಾಕೆ?"

"ಬಿಸಿಲು."

"ನೆರಳಲ್ಲಿ ನಿಂತು ಬಿಸಿಲಾ? ತೆಗೀರಿ."

ಅವಳೇ ಕಿತ್ತಳು. ಸಾಹೇಬರು ಏನೂ ಅರಿಯದವರಂತೆ ಹುಬ್ಬೇರಿಸಿದರು. ಏರಿದ್ದು ಒಂದೇ! ಎಡಗಡೆ ಏರಿಸಲು ಏನೂ ಉಳಿದಿರಲಿಲ್ಲ.

"ಹುಬ್ಬೆಲ್ಲಿ?"

"ಕ್ಷೌರದವನು..."

"ಮುಂಗೂದಲಿಗೂ ಸುಟ್ಟ ವಾಸನೆ, ಅಂಗಿ ತುಂಬ ರಮ್ಮಿನ ವಾಸನೆ. ಯಾವ ಕ್ಷೌರದವನ್ರೀ ಅವನು? ಬೆಂಕಿ ಎಲ್ಲಿ ಹುಟ್ಟಿತು, ಸರಿಯಾಗಿ ಹೇಳಿ!"

ಅದು ಸಾಹೇಬರದ್ದೇ ಪ್ರಶ್ನೆ, ಅವರದ್ದೇ ದನಿ. "ನಮ್ಮ ಅಡುಗೆಮನೇಲಿ" ಎಂದರು ಪಿಸುಗುಟ್ಟಿ.

"ಮತ್ತೆ ಆ ಹಿರಿಯರು ಯಾಕೆ ಅಲ್ಲಿ ತಲೆ ತಗ್ಗಿಸಿ ನಿಂತಿದಾರೆ?"

ಸಾಹೇಬರು ಅವಳ ಕೈಯಿಂದ ಟೊಪ್ಪಿ ತೆಗೆದುಕೊಂಡು, "ಅವರ ಒಲೆ ತೆಗೆಸೋಣ ಅಂದ್ರು... ನಾನೂ ಹೂಂ ಅಂದೆ" ಎಂದರು.

"ಟಿಕಿಯಂತೆ ಟಿಕಿ! ಜನರ ಟೀಕೆಗೆ ಹೆದರಿ ಅವರ ಒಲೆಗೇ ಕೈ ಹಾಕಿದ್ರಾ? ಹೋಗಿ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ. ಆಗ ಇನ್ನೊಂದು ಹುಬ್ಬೂ ಉಳಿಯಲ್ಲ!"

ಸಾಹೇಬರು ಟೊಪ್ಪಿ ಕೈಯಲ್ಲಿ ಹಿಡಿದೇ ಗುಂಪಿನ ನಡುವೆ ಹೋಗಿ ನಿಂತರು. "ಟೀಚರಮ್ಮಂದೇನೂ ತಪ್ಪಿಲ್ಲ. ಹೊಗೆ ನಮ್ಮನೇದು. ಕಾಕ್‌ಟೇಲ್ ಮಾಡೋಕೆ ಹೋಗಿ ಬೆಂಕಿ ಹಚ್ಚಿದ್ದು ನಾನು. ಟವೆಲ್ ಬೀಸಿ ಅವರ ಬಾಗಿಲಿಗೆ ಕಳಿಸಿದ್ದೂ ನಾನೇ. ಗೊತ್ತಿದ್ದೂ ಸುಮ್ಮನಿದ್ದೆ."

ಆಮೇಲೆ ಯಾರೋ ಆ ಖಾಲಿ ಹುಬ್ಬನ್ನು ಕಂಡು ಕಿಸಕ್ಕೆಂದರು. ನಗು ಗಡ್ಡದ ನೊರೆಯಿಂದ ಬೆಕ್ಕಿನ ಯಜಮಾನರವರೆಗೆ ಹಬ್ಬಿತು. ಅಧ್ಯಕ್ಷರು ಕಾರ್ಯದರ್ಶಿ ಹುದ್ದೆಯ ಮಾತು ನಾಳೆ ಆಡೋಣವೆಂದರು. ಆ ದನಿಯಲ್ಲೇ ಗೊತ್ತಾಯಿತು, ಆಡಲು ಇನ್ನೇನೂ ಉಳಿದಿಲ್ಲವೆಂದು.

ಟೀಚರಮ್ಮ ನಗಲಿಲ್ಲ. "ಹಾಗಾದರೆ ನಾನು ಒಲೆ ಆರಿಸಿದ್ದೆ!" ಎಂದರು. ಮುಖದಲ್ಲಿ ಎಂಥ ನೆಮ್ಮದಿಯೆಂದರೆ, ಅದನ್ನು ನೋಡಲಾಗದೆ ಸಾಹೇಬರು ಮತ್ತೆ ನೆಲ ನೋಡಿದರು.

"ಕ್ಷಮಿಸಿ ಅಮ್ಮಾ. ನಾನು ಮಾಡಿದ್ದು ತುಂಬ ಕೆಟ್ಟ ಕೆಲಸ."

"ಕೆಟ್ಟದ್ದೇ" ಎಂದು ಒಪ್ಪಿದರು ಟೀಚರಮ್ಮ. "ನಡಿ, ಊರನ್ನೆಲ್ಲ ಬೀದಿಗಿಳಿಸಿದ ಆ ಅಮೃತ ಯಾವುದು, ನಾನೂ ನೋಡಬೇಕು."

ಅಡುಗೆಮನೆಯ ಕಟ್ಟೆಯ ಮೇಲೆ ಲೋಟ ಇನ್ನೂ ನಿಂತಿತ್ತು. ಸಾಹೇಬರು ನಿಂಬೆ ಸಿಪ್ಪೆಯನ್ನೂ ಸುಟ್ಟ ಕೊಡೆಯ ಕಡ್ಡಿಯನ್ನೂ ತೆಗೆದು, ಒಂದು ಚಮಚದಷ್ಟನ್ನು ಪುಟ್ಟ ಲೋಟಕ್ಕೆ ಬಗ್ಗಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಎದೆಯೊಳಗೆ ಆಸೆಯೊಂದು ಇನ್ನೂ ಮಿಣುಕುತ್ತಿತ್ತು. ರುಚಿಯಾದರೂ ಮಾನ ಉಳಿಸಬಹುದಲ್ಲ!

ಟೀಚರಮ್ಮ ಗುಟುಕರಿಸಿದರು. ಕಣ್ಣು ಮುಚ್ಚಿದರು. ಮೂಗು, ಬಾಯಿ, ಗಲ್ಲ ಎಲ್ಲ ಒಂದೇ ಕಡೆ ಕೂಡಿಕೊಂಡವು. ಹೆಂಡತಿ ಗಾಬರಿಯಿಂದ ನೀರು ತಂದಳು. ಅವರು ಅದನ್ನು ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದು, ಬಾಯಿ ಒರೆಸಿಕೊಂಡು ಸಾಹೇಬರ ಹೆಗಲ ಮೇಲೆ ಕೈಯಿಟ್ಟರು.

"ನೋಡಪ್ಪಾ, ನೀನು ಬೆಂಕಿ ಹಚ್ಚಿದ್ದನ್ನ ಕ್ಷಮಿಸಿದೀನಿ. ನನ್ನ ತಲೆಗೆ ಕಟ್ಟೋಕೆ ಹೋಗಿದ್ದನ್ನೂ ಕ್ಷಮಿಸಿದೀನಿ. ಆದರೆ ಇದನ್ನ ನನಗೆ ಕುಡಿಸಿದೆಯಲ್ಲ, ಅದಕ್ಕೆ ಮಾತ್ರ ಸ್ವಲ್ಪ ಟೈಮ್ ಕೊಡು!"