ಎದುರಂಗಡಿಯ ಹಾಡು

ಎದುರಂಗಡಿಯ ದರ್ಜಿ ಗುಂಡಿ ಹೊಲಿಯುವ ವಿಡಿಯೋವನ್ನು ನಲವತ್ತು ಸಾವಿರ ಜನ ನೋಡಿದ್ದಾರೆಂದು ಕೇಳಿದ ಗಳಿಗೆಯಿಂದ ನಮ್ಮ ದರ್ಜಿಗೆ ಹೊಟ್ಟೆಯೊಳಗೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತಾಗಿತ್ತು. ತಾನೂ ಗುಂಡಿ ಹೊಲಿದು ಹಾಕಿದ್ದ. ಅದನ್ನು ನೋಡಿದ್ದು ಹನ್ನೊಂದು ಸಲ. ಅದರಲ್ಲಿ ಏಳು ಸಲ ಅವನೇ.

"ಅದು ಗುಂಡಿ ಮಹಿಮೆ ಅಲ್ಲ, ಹಿಂದೆ ಬರೋ ಸಿನಿಮಾ ಹಾಡಿಂದು" ಎಂದಳು ಪಕ್ಕದ ಜೆರಾಕ್ಸ್ ಅಂಗಡಿಯಾಕೆ. ಹಾಡಿನ ಒಡೆಯರನ್ನು ಕೇಳದೆ ಬಳಸಿದರೆ ತಪ್ಪು, ಅವರು ದೂರಿತ್ತರೆ ವಿಡಿಯೋದ ದನಿಯನ್ನೇ ಅಡಗಿಸುತ್ತಾರೆ ಎಂದೂ ತಿಳಿಸಿದಳು. ದರ್ಜಿಗೆ ಬೇಕಿದ್ದುದು ಅಷ್ಟೇ. ಗಿರಾಕಿಯ ಅಂಗಿಯ ಅರ್ಧ ಹೊಲಿದ ತೋಳನ್ನು ಹಾಗೇ ಬಿಟ್ಟು, ಹಾಡಿನ ಕಂಪನಿಗೆ ಚಾಡಿ ಬರೆದ. ಹತ್ತು ಗಂಟೆಗೆಲ್ಲ ಎದುರಂಗಡಿಯ ಗುಂಡಿ ಮೂಕವಾಯಿತು.

ಈಗ ಯಾರ ಹಂಗೂ ಇಲ್ಲದ ಹಾಡೊಂದು ತನಗೆ ಬೇಕಿತ್ತು. ಮಹಡಿ ಮೇಲಿನ ಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತ, ತಾನೇ ಕಟ್ಟಿದ ಪದವೊಂದನ್ನು ಗುನುಗುತ್ತಿದ್ದಳು. ದರ್ಜಿ ಬೆಕ್ಕಿನಂತೆ ಮೆಟ್ಟಿಲು ಹತ್ತಿ, ಬಾಗಿಲ ಸಂದಿಯಲ್ಲಿ ಫೋನು ಹಿಡಿದು, ಬೆಕ್ಕಿನಂತೆಯೇ ಇಳಿದು ಬಂದ. ಪ್ಯಾಂಟು ಕತ್ತರಿಸುವ ವಿಡಿಯೋಕ್ಕೆ ಆ ದನಿ ಅಂಟಿಸಿದ.

ಮೂರು ಗಂಟೆಗೆ ಅರವತ್ತು ಸಾವಿರ ಜನ ನೋಡಿದ್ದರು. ಕೆಲಸವಿಲ್ಲದಿದ್ದರೂ ದರ್ಜಿ ಎದುರಂಗಡಿಯ ಮುಂದೆ ಮೂರು ಸಲ ಎದೆಯುಬ್ಬಿಸಿ ನಡೆದ. ಮೂರನೆಯ ಸಲ ಅಂಗಡಿಗೆ ಬಾಗಿಲು ಹಾಕಿತ್ತು. ಶತ್ರು ಅಂಗಡಿ ಮುಚ್ಚಿ ಓಡಿಹೋದನೆಂದು ಹಿಗ್ಗಿದ.

ಐದಕ್ಕೆ ಅವನ ವಿಡಿಯೋವೂ ಮೂಕವಾಯಿತು. ಹಾಡಿದವರ ಒಪ್ಪಿಗೆ ಇಲ್ಲವೆಂದು ಕೆಳಗೆ ಬರೆದಿತ್ತು. ಅಷ್ಟರಲ್ಲಿ ಎದುರಂಗಡಿಯ ಬಾಗಿಲು ತೆರೆದಿತ್ತು, ಮುಂದೆ ಜನ ಜೇನುಹುಟ್ಟಿನಂತೆ ಕವಿದಿದ್ದರು. ಒಳಗಿನಿಂದ ಅದೇ ಪದ ಮೊದಲಿಂದ ಕೊನೆಯವರೆಗೆ, ಪಾತ್ರೆಯ ಸದ್ದಿಲ್ಲದೆ ಕೇಳಿಬರುತ್ತಿತ್ತು.

ದರ್ಜಿ ಎರಡೆರಡು ಮೆಟ್ಟಿಲು ಹಾರಿ ಮನೆಗೆ ಬಂದ.

"ಎದುರಂಗಡಿಯೋರು ಬಂದಿದ್ರು" ಎಂದಳು ಹೆಂಡತಿ, ಹೊಸ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ. "ಫೋನಲ್ಲಿ ನನ್ನ ಪದ ಕೇಳಿಸಿ, ಈ ದನಿ ದಿನಾ ಕಿಟಕಿಯಿಂದ ಕೇಳ್ತೀನಿ, ನಿಮ್ಮದೇ ಅಲ್ವಾ, ಬಳಸ್ಕೋಬಹುದಾ ಅಂದ್ರು. ಕಾಗದದಲ್ಲಿ ಬರೆದು ಸಹಿ ಹಾಕಿಸ್ಕೊಂಡ್ರು. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ತಾ ಕೂತು ಪೂರ್ತಿ ಕೇಳಿದ್ರು. ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ಪೂರ್ತಿ ಕೇಳಿದೋರು ಅವರೊಬ್ಬರೇ."

ನನ್ನ ವಿಡಿಯೋದ ಬಾಯಿ ಕಟ್ಟಿಸಿದ್ದು ಯಾರು ಎಂದು ದರ್ಜಿ ಕೇಳಿದ.

"ನಾನೇ. ಫೋನಲ್ಲಿ ಕೇಳಿದ ಕೂಡಲೇ ದೂರು ಕೊಟ್ಟೆ. ಕದ್ದು ಹಾಕಿದೋರು ನೀವು ಅಂತ ಆಮೇಲೆ ಗೊತ್ತಾಯ್ತು."

ದರ್ಜಿ ಮೆತ್ತಗಾದ. ಹಾಗಾದರೆ ಈಗಲಾದರೂ ಒಪ್ಪಿಗೆ ಬರೆದುಕೊಡು, ಕಟ್ಟಿಕೊಂಡ ಗಂಡನಲ್ಲವೇ ಎಂದು ಗೋಗರೆದ.

ಹೆಂಡತಿಗೂ ಪಾಪ ಅನ್ನಿಸಿತು.

"ಒಂದು ವರ್ಷ ಬೇರೆ ಯಾರಿಗೂ ಕೊಡಲ್ಲ ಅಂತ ಬರೆದುಕೊಟ್ಟಿದೀನಲ್ಲ. ಒಂದು ಮಾಡಿ, ಅವರು ತುಂಬ ಒಳ್ಳೆಯವರು, ಹೋಗಿ ಅವರನ್ನೇ ಕೇಳ್ಕೊಳ್ಳಿ."