ಎನಫ್ ಕಲಿತ ಚಲಪತಿ

ಭಾನುವಾರ ಬೆಳಿಗ್ಗೆ ಚಲಪತಿ ತನ್ನ ಮನೆಯ ಗೋಡೆಗೆ ಎದುರಾಗಿ ನಿಂತು, ಎದ್ದು ನಿಲ್ಲಲಾರದಷ್ಟು ನಿತ್ರಾಣವಾಗಿದೆ ಎಂದು ಇಂಗ್ಲಿಷಿನಲ್ಲಿ ಕೂಗಿದ. ತಾಪತ್ರಯ ಶುರುವಾದದ್ದು ಅಲ್ಲಿಂದ.

“ಐ ಆಮ್ ಟೂ ವೀಕ್ ಟು ಸ್ಟ್ಯಾಂಡ್.”

ಆಸಾಮಿ ಗಟ್ಟಿಯಾಗಿಯೇ ನಿಂತಿದ್ದ. ಇದು ಬಂಗಾರಪೇಟೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಸುಧಾಕರ್ ಮೇಷ್ಟ್ರು ಕೊಟ್ಟಿದ್ದ ಹೋಂವರ್ಕು. ಕನ್ನಡದಲ್ಲಿ ‘ನಿಲ್ಲಲಾರದಷ್ಟು’ ಎಂದು ಒಂದೇ ಮಾತಿನಲ್ಲಿ ಮುಗಿಯುವ ವಿಷಯಕ್ಕೆ ಇಂಗ್ಲಿಷಿನವರು ಮೂವರನ್ನು ಕೂರಿಸುತ್ತಾರೆ. ಮುಂದೆ ಟೂ, ನಡುವೆ ಗುಣ, ಹಿಂದೆ ಟು ಹಿಡಿದುಕೊಂಡ ಕೆಲಸ, ಒಂದೇ ಸ್ಕೂಟರಿನಲ್ಲಿ ಹೊರಟ ಸಂಸಾರದ ಹಾಗೆ. ಎನಫ್ ಎನ್ನುವವನು ಮಾತ್ರ ಮುಂದೆ ಕೂರುವುದಿಲ್ಲ, ಗುಣದ ಬೆನ್ನಿಗೆ ಅಂಟಿಕೊಳ್ಳುತ್ತಾನೆ. ಟೂ ಬಂದರೆ ಕೆಲಸ ಕೆಟ್ಟಿತು, ಎನಫ್ ಬಂದರೆ ಕೆಲಸ ಆಯಿತು. ಇದಿಷ್ಟು ಚಲಪತಿಯ ತಲೆಗೆ ಹತ್ತಲು ಒಂದು ವಾರ ಹಿಡಿದಿತ್ತು. ಇವತ್ತು, ಭಾನುವಾರದ ಬೆಳಗಿನ ಕ್ಲಾಸಿನಲ್ಲಿ, ಎಲ್ಲರ ಮುಂದೆ ನಿಂತು ಹೇಳಬೇಕು. ಹೇಳದವರು ನಾಳೆಯಿಂದ ಕ್ಲಾಸಿಗೆ ಬರಬೇಡಿ ಎಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಐವತ್ತು ದಾಟಿದವನಿಗೆ, ಅದೂ ಬಟ್ಟೆ ಅಂಗಡಿಯಲ್ಲಿ ಪೀಸು ಹರಿಯುವವನಿಗೆ ಇಂಗ್ಲಿಷ್ ಯಾಕೆ? ಯಾಕೂ ಬೇಡ. ಬೂದಿಕೋಟೆ ಕಡೆಯ ಚಲಪತಿ ಮಾರಿಕುಪ್ಪಂ ಹತ್ತಿರದ ಹಳೆಯ ಚಿನ್ನದ ಗಣಿ ಲೈನಿನ ಸಾಲುಮನೆಯಲ್ಲಿ ಬಾಡಿಗೆಗಿದ್ದ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಅಂಗಡಿಗೆ ಬಂದವರು ಇವನನ್ನು ಕೇಳುವುದು ಬಣ್ಣ ಹೋಗುತ್ತದಾ ಎಂದು. ಸಂಜೆ ರೈಲು ಹತ್ತಿ ಕ್ಲಾಸಿಗೆ ಹೋದರೆ ಅಲ್ಲಿ ಇಪ್ಪತ್ತು ಮಂದಿ, “ಹೌ ಆರ್ ಯೂ, ಚಲಪತಿ?” ಎಂದು ಕೇಳುತ್ತಿದ್ದರು. ಪಾಠಕ್ಕಾಗಿಯೇ ಕೇಳುತ್ತಿದ್ದರು ಅನ್ನಿ. ಆದರೂ ಉತ್ತರ ಬರುವವರೆಗೆ ಇವನ ಮುಖವನ್ನೇ ನೋಡುತ್ತಿದ್ದರು. ಆ ಕ್ಲಾಸೂ ತಪ್ಪಿಹೋದರೆ ಸಂಜೆ ಯಾರ ಮುಖ ನೋಡುವುದು?

ಹಾಗಾಗಿ ಕೂಗಿದ.

“ಐ ಆಮ್ ಟೂ ಸ್ಯಾಡ್ ಟು ಈಟ್.” ಊಟ ಸೇರದಷ್ಟು ದುಃಖ. ಆಮೇಲೆ ಎನಫ್ ಬರಲಿ ಎಂದು, ಲೈನಿನ ಹಿಂದಿದ್ದ ಬಾವಿಯನ್ನು ನೆನೆದು, “ದ ವೆಲ್ ಈಸ್ ಡೀಪ್ ಎನಫ್ ಟು ಡ್ರೌನ್ ಎ ಮ್ಯಾನ್.” ಒಬ್ಬ ಮನುಷ್ಯ ಮುಳುಗುವಷ್ಟು ಬಾವಿ ಆಳವಾಗಿದೆ. ಈ ವಾಕ್ಯ ಇವನಿಗೆ ಬಹಳ ಹಿಡಿಸಿತು. ದನಿ ಏರಿಸಿ ಮತ್ತೆ ಮತ್ತೆ ಹೇಳಿದ.

ಆ ಲೈನಿನ ಮನೆಗಳ ನಡುಗೋಡೆ ಚಾವಣಿಯ ಶೀಟಿಗೆ ಮುಟ್ಟುವುದಿಲ್ಲ. ಇಲ್ಲಿ ಸೀನಿದರೆ ಅಲ್ಲಿ ಕೇಳುತ್ತದೆ. ಪಕ್ಕದ ಮನೆಯ ಪೆರುಮಾಳ್ ಗಣಿಯಲ್ಲಿ ದುಡಿದವರು, ಇಂಗ್ಲಿಷ್ ಬಲ್ಲವರು. ಗಣಿ ಕಾಲದಿಂದ ಅಲ್ಲೊಂದು ಕಟ್ಟಳೆ ಇತ್ತು. ಒಂದು ಮನೆಯಿಂದ ಕೂಗೆದ್ದರೆ ಇಡೀ ಲೈನು ಓಡಿಬರಬೇಕು, ವಿಚಾರಣೆ ಆಮೇಲೆ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಕಟ್ಟಳೆಗೆ ಯಾರೂ ಬೀಗ ಹಾಕಿರಲಿಲ್ಲ.

ಬಾಗಿಲು ಧಡಾರನೆ ತೆರೆಯಿತು. ಮುಂದೆ ಪೆರುಮಾಳ್, ಹಿಂದೆ ಎದುರು ಮನೆಯ ಪಾಪಕ್ಕ, ಅವಳ ಹಿಂದೆ ಅರ್ಧ ಲೈನು.

“ಬೇಡ ಸಾರ್, ಬಾವಿ ಕಡೆ ಓಗ್ಬೇಡಿ. ನಾವೆಲ್ಲ ಇಲ್ವಾ?” ಎಂದು ಪೆರುಮಾಳ್ ಇವನನ್ನು ತಬ್ಬಿಕೊಂಡರು.

ಪಾಪಕ್ಕ ಇವನ ನೀರು ಸೇದುವ ಹಗ್ಗ ಕಿತ್ತು ಸೊಂಟಕ್ಕೆ ಸುತ್ತಿಕೊಂಡಳು. ಒಬ್ಬರು ಈಳಿಗೆಮಣೆ ಹೊತ್ತೊಯ್ದರು, ಇನ್ನೊಬ್ಬರು ನಿಂಬೆಹಣ್ಣು ನಿವಾಳಿಸಿದರು. ಇದು ಹೋಂವರ್ಕು, ಪಾಠ, ಎಂದು ಚಲಪತಿ ಬಾಯಿ ಬಡಿದುಕೊಂಡರೂ ಯಾರೂ ನಂಬಲಿಲ್ಲ. ಸಾಯಹೊರಟವನು ನಿಜ ಹೇಳುತ್ತಾನಾ ಎಂದರು.

“ಈ ವಯಸ್ಸಲ್ಲಿ ನಿಂಗ್ಯಾರಣ್ಣ ಓಂವರ್ಕು ಕೊಡ್ತಾರೆ?” ಎಂದು ಪಾಪಕ್ಕ ಗದರಿ, ತಟ್ಟೆಯಲ್ಲಿ ಬಿಸಿ ಇಡ್ಲಿ ತಂದಿಟ್ಟಳು. “ಮೊದ್ಲು ತಿನ್ನು. ಊಟ ಸೇರಲ್ವಂತೆ.”

ಮಗ್ಗುಲಲ್ಲಿ ಕೂತು ಯಾರಾದರೂ ತಿನ್ನು ಎಂದು ಎಷ್ಟು ಕಾಲವಾಗಿತ್ತೋ. ಚಲಪತಿ ವಾದ ನಿಲ್ಲಿಸಿ ತಿಂದ. ಇನ್ನೆರಡು ಹಾಕಿದರು, ಅದನ್ನೂ ತಿಂದ. ಊಟ ಸೇರದವನು ಹೀಗೆ ತಿನ್ನುವುದು ಕಂಡು ಪಾಪಕ್ಕನಿಗೆ ಕೊಂಚ ಅನುಮಾನ ಬಂತು, ಆದರೆ ಹಗ್ಗ ಬಿಚ್ಚಲಿಲ್ಲ. ಮನೆ ತುಂಬ ಜನ, ಎಲ್ಲರೂ ಇವನ ಬಗ್ಗೆಯೇ ಮಾತಾಡುತ್ತಿದ್ದಾರೆ. ರೈಲಿನ ಹೊತ್ತಾಗಿರದಿದ್ದರೆ ಅವನು ಸಂಜೆಯವರೆಗೂ ಸಾಯಹೊರಟವನಾಗಿಯೇ ಇದ್ದುಬಿಡುತ್ತಿದ್ದ.

ಎದ್ದು ಅಂಗಿ ತೊಟ್ಟರೆ ಬಿಡಲೊಲ್ಲರು. ಹಾಗಾದರೆ ನಾವೂ ಬತ್ತೀವಿ ಎಂದು ಪೆರುಮಾಳ್ ಮತ್ತು ಪಾಪಕ್ಕ ಜೊತೆಗೇ ಹೊರಟರು. ಗಾಡಿಯಲ್ಲಿ ಪಾಪಕ್ಕ ಬಂಗಾರಪೇಟೆವರೆಗೂ ಇವನ ಅಂಗಿಯ ಚುಂಗು ಬಿಡಲಿಲ್ಲ. ಎದುರು ಕೂತವರು ಕಾಯಿಲೆ ಏನೆಂದು ಕೇಳಿದರು. ಪೆರುಮಾಳ್ ಹಣೆ ಮುಟ್ಟಿ ತೋರಿಸಿ, ತಮಿಳಿನಲ್ಲೊಮ್ಮೆ ತೆಲುಗಿನಲ್ಲೊಮ್ಮೆ ವಿವರಿಸಿದರು. ಇಡೀ ಬೋಗಿ ಇವನಿಗೆ ಕಿಟಕಿ ಸೀಟು ಬಿಟ್ಟುಕೊಟ್ಟಿತು. ಹಾರಿಯಾನು ಎಂದು ಪಾಪಕ್ಕ ಮತ್ತೆ ನಡುವಿಗೆ ಎಳೆದುಕೊಂಡಳು.

ಕ್ಲಾಸು ಆಗಲೇ ಶುರುವಾಗಿತ್ತು. ತಡವಾಗಿ, ಇಬ್ಬರು ಕಾವಲುಗಾರರ ಸಮೇತ ಬಂದ ವಿದ್ಯಾರ್ಥಿಯನ್ನು ಕಂಡು ಸುಧಾಕರ್ ಮೇಷ್ಟ್ರು ಕೆಂಪಾದರು. ಪೆರುಮಾಳ್ ಬಾಗಿಲಲ್ಲೇ ನಿಂತು, ಇವರು ಬಾವಿಗೆ ಬೀಳಲು ಹೊರಟಿದ್ದರು, ನಾವು ಉಳಿಸಿದೆವು ಎಂದು ಇಡೀ ಕ್ಲಾಸಿಗೆ ಸಾರಿದರು. ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡರು.

ಚಲಪತಿಗೆ ಸಿಟ್ಟು ನೆತ್ತಿಗೇರಿತು. ವಾರವಿಡೀ ಉರು ಹೊಡೆದದ್ದು ಒಮ್ಮೆಲೇ ನುಗ್ಗಿಬಂತು.

“ದಿಸ್ ಮ್ಯಾನ್ ಈಸ್ ಟೂ ಸ್ಟಬರ್ನ್ ಟು ಲಿಸನ್. ದಿಸ್ ಲೇಡಿ ಈಸ್ ಸ್ಟ್ರಾಂಗ್ ಎನಫ್ ಟು ಸ್ಟಾಪ್ ಎ ಟ್ರೇನ್. ಐ ಆಮ್ ಟೂ ಆಂಗ್ರಿ ಟು ಸಿಟ್.”

ಮಾತು ಕೇಳದಷ್ಟು ಹಟಮಾರಿ, ರೈಲು ನಿಲ್ಲಿಸುವಷ್ಟು ಗಟ್ಟಿಗಿತ್ತಿ, ಕೂರಲಾರದಷ್ಟು ಸಿಟ್ಟು. ಕ್ಲಾಸು ಚಪ್ಪಾಳೆ ತಟ್ಟಿತು.

“ನನ್ನೇನಂದ್ರು?” ಎಂದು ಪಾಪಕ್ಕ ಕೇಳಿದಳು.

“ಒಗಳಿದ್ರು,” ಎಂದರು ಪೆರುಮಾಳ್. ಆಮೇಲೆ ಅವರ ಮುಖ ಸಣ್ಣಗಾಯಿತು. “ಅಂಗಾದ್ರೆ ಬೆಳಿಗ್ಗೆ ಕೂಗಿದ್ದೂ ಪಾಠನೇನಾ ಸಾರ್? ಇನ್ಮೇಲೆ ನೀವು ಏನು ಕೂಗಿದ್ರೂ ನಾವು ಬರಲ್ಲ. ನಿಮ್ಮ ಪಾಡಿಗೆ ಓದ್ಕಳಿ.”

ಪಾಪಕ್ಕ ಸೊಂಟದ ಹಗ್ಗ ಬಿಚ್ಚಿ ಬೆಂಚಿನ ಮೇಲಿಟ್ಟಳು. ಇಬ್ಬರೂ ಮೆಟ್ಟಿಲಿಳಿದು ಹೋದರು.

ಹೋಗಲಿ, ಕ್ಲಾಸು ಉಳಿಯಿತಲ್ಲ ಎಂದುಕೊಂಡು ಚಲಪತಿ ತನ್ನ ಜಾಗದ ಕಡೆ ನಡೆದ. ಮೇಷ್ಟ್ರು ತಡೆದು ಇವನ ಕೈ ಕುಲುಕಿದರು.

“ಚಲಪತಿಯವರೇ, ಇಷ್ಟು ಸಲೀಸಾಗಿ ಇಲ್ಲಿ ಇನ್ನೊಬ್ಬರು ಮಾತಾಡಲ್ಲ. ನಿಮ್ಮ ಕೋರ್ಸು ಮುಗೀತು. ನಾಳೆಯಿಂದ ಬರೋದು ಬೇಡ. ಉಳಿದವರು ಇನ್ನೂ ಮೂರು ತಿಂಗಳು ಇಲ್ಲೇ ಕೂತ್ಕೋಬೇಕು.”

ಉಳಿದವರು ಹೊಟ್ಟೆಕಿಚ್ಚಿನಿಂದ ಇವನನ್ನು ನೋಡಿದರು. ಚಲಪತಿ ಮೇಷ್ಟ್ರ ಕೈ ಬಿಡಲಿಲ್ಲ.

“ಸಾರ್, ಐ ಆಮ್ ಟೂ ವೀಕ್ ಇನ್ ಇಂಗ್ಲಿಷ್ ಟು ಪಾಸ್,” ಎಂದ.

ಕ್ಲಾಸು ಮತ್ತೆ ಚಪ್ಪಾಳೆ ತಟ್ಟಿತು.

“ಐ ಆಮ್ ನಾಟ್ ಗುಡ್ ಎನಫ್ ಟು ಗೋ, ಸಾರ್,” ಎಂದು ಚಲಪತಿ ಅಂಗಲಾಚಿದ. ಕಣ್ಣಲ್ಲಿ ನೀರಿತ್ತು.

“ನೋಡಿದ್ರಾ, ಒಂದು ತಪ್ಪಿಲ್ಲ,” ಎಂದು ಸುಧಾಕರ್ ಮೇಷ್ಟ್ರು ಕ್ಲಾಸಿಗೆ ಹೇಳಿ, ಬಹಳ ಗೌರವದಿಂದ ಇವನಿಗೆ ಬಾಗಿಲು ತೆರೆದು ಹಿಡಿದರು.