ಮೋತಿಯ ಮೇಲಿನ ಸಾಲು

ಶುಕ್ರವಾರ ರಾತ್ರಿ ಹಿತ್ತಲಲ್ಲಿ ಬಟ್ಟಲು ಬಿದ್ದ ಸದ್ದಾಯಿತು. ಅದರ ಬೆನ್ನಿಗೇ ಫಕ್ಕೀರೇಶನ ನಾಯಿ ಮೋತಿ ಊಳಿಡಲು ಹಿಡಿದದ್ದು ಬೆಳಕು ಹರಿದರೂ ನಿಲ್ಲಲಿಲ್ಲ. ನಾಯಿ ಊಳಿಟ್ಟರೆ ಊರಿಗೆ ಕೇಡು ಎನ್ನುತ್ತಾರೆ. ಊರಿನ ಮಾತು ಅತ್ತಲಾಗಿರಲಿ, ಕೇಡು ವಿಳಾಸ ಕೇಳಿಕೊಂಡು ಬಂದಂತೆ ನೇರವಾಗಿ ಫಕ್ಕೀರೇಶನ ಬಾಗಿಲಿಗೇ ಬಂತು.

ಅವನು ಕದ ತೆಗೆಯುವಷ್ಟರಲ್ಲಿ ಮನೆಯ ಮಾಲಕಿ ನೀಲಗಂಗವ್ವ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಸೊಸೆ ಸೋಮವ್ವ. ನೀಲಗಂಗವ್ವ ನಾಯಿಯ ಕಡೆ ಬೆರಳು ಮಾಡಿದಳು, ಕಿವಿ ಮುಚ್ಚಿಕೊಂಡಳು, ಸೂರ್ಯನನ್ನು ತೋರಿಸಿ ಕೈಯನ್ನು ಪಡುವಣಕ್ಕೆ ಇಳಿಸಿದಳು, ಕೊನೆಗೆ ಓಣಿಯ ಕಡೆ ಕಸ ಗುಡಿಸಿದಂತೆ ಕೈ ಬೀಸಿದಳು.

"ಏನಂತಾರ್ರಿ ಅಕ್ಕಾರ?" ಎಂದು ಫಕ್ಕೀರೇಶ ಸೋಮವ್ವನನ್ನು ಕೇಳಿದ.

"ಅತ್ತಿಯವರು ಇವತ್ತ ಮೌನ ಹಿಡದಾರ. ಕದರಮಂಡಲಗಿ ಹನುಮಪ್ಪಗ ಬೇಡಿಕೊಂಡಿದ್ದರಂತ ಕಾಣತೈತಿ," ಎಂದಳು ಸೋಮವ್ವ. ಅವಳ ಮುಖದಲ್ಲಿ ಹಬ್ಬದ ಕಳೆ ಇತ್ತು. "ಸಂಜಿ ದೀಪ ಹಚ್ಚೂದ್ರಾಗ ನಾಯಿ ಬಾಯಿ ಮುಚ್ಚಬೇಕಂತ. ಇಲ್ಲಂದ್ರ ನೀವಿಬ್ಬರೂ ಮನಿ ಖಾಲಿ ಮಾಡಬೇಕಂತ ನೋಡ್ರಿ."

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯೊಳಗೆ ಹೆಣ್ಣು ಸಿಕ್ಕೀತು, ಬಾಡಿಗೆ ಮನೆ ಸಿಗಲಿಕ್ಕಿಲ್ಲ. ದಲಾಲಿ ಅಂಗಡಿಯ ಗುಮಾಸ್ತನಾದ ಫಕ್ಕೀರೇಶನಿಗೆ ಹೆಣ್ಣಂತೂ ಸಿಕ್ಕಿರಲಿಲ್ಲ. ಒಂದು ಸುಗ್ಗಿ ಪೂರ್ತಿ ಗೋದಾಮಿನಲ್ಲಿ ಚೀಲಗಳ ಮೇಲೆ ಸೀನುತ್ತ ಮಲಗಿದ ಮೇಲೆ ನೀಲಗಂಗವ್ವ ಹಿತ್ತಲ ಖೋಲಿ ಕೊಟ್ಟಿದ್ದಳು. ಮೋತಿ ಅದೇ ಚೀಲಗಳ ಸಂದಿಯಲ್ಲಿ ಸಿಕ್ಕ ಮರಿ. ಸಂಜೆ ಅವನ ದಾರಿ ಕಾಯುವ ಜೀವ ಅಂತ ಈ ಭೂಮಿಯ ಮೇಲೆ ಇದ್ದದ್ದು ಅದೊಂದೇ. ಖೋಲಿ ಬಿಡುವ ಹಾಗಿರಲಿಲ್ಲ, ನಾಯಿ ಬಿಡಲು ಮನಸ್ಸಿರಲಿಲ್ಲ.

ಮೋತಿಯ ದವಡೆ ಒಂದು ಕಡೆ ಉಬ್ಬಿತ್ತು. ಬಾಯಿ ಪೂರ್ತಿ ತೆರೆಯಲೂ ಆಗದೆ, ಮುಚ್ಚಲೂ ಆಗದೆ ಜೊಲ್ಲು ಸುರಿಸುತ್ತಿತ್ತು. ಎದುರುಮನೆಯ ಮಾಲತೇಶಪ್ಪ ಕರೆಯದೆಯೇ ಬಂದು ಬಗ್ಗಿ ನೋಡಿದ. ಪೆನ್ಶನ್ ಬಂದ ಮೇಲೆ ಓಣಿಯ ಕಾಯಿಲೆಗಳನ್ನೆಲ್ಲ ಅವನೇ ವಹಿಸಿಕೊಂಡಿದ್ದ.

"ಹಲ್ಲಬ್ಯಾನಿ ಇದು. ಬೇವಿನ ಕಡ್ಡಿ ಹಾಕಿ ತಿಕ್ಕಬೇಕಾಗಿತ್ತು. ನೀಲಗಂಗವ್ವನ ಹಲ್ಲು ನೋಡು, ಅರವತ್ತೈದು ದಾಟಿದ್ರೂ ಜ್ವಾಳದ ತೆನಿ ಇದ್ದಂಗ ಅದಾವು."

"ಈಗೇನ್ ಮಾಡ್ಲಿ ಕಾಕಾ, ಅದನ್ನ ಹೇಳ್ರಿ."

"ಮೆಣಸಿನಕಾಯಿ ಅರದು ಎಣ್ಣ್ಯಾಗ ಕಲಿಸಿ ಹಚ್ಚು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ. ನಾಯಿಗೆ ಏನೂ ಆಗೂದಿಲ್ಲ."

ಖಾರ ಕಡಿಮೆ ಎಂಬ ಮಾತು ಖರೇ. ಮೋತಿ ನಾಲ್ಕು ಸಲ ಸೀನಿ ಮತ್ತೆ ಊಳಿಡತೊಡಗಿತು. ಬಣ್ಣ ಭಾಳ ಎಂಬುದೂ ಖರೇ. ಹಾವೇರಿಯ ದನದ ದವಾಖಾನೆಗೆ ಹೋಗಲು ಬಸ್ಸು ಹತ್ತುವಷ್ಟರಲ್ಲಿ ಮೋತಿಯ ಬಾಯಿಂದ ಕೆಂಪನೆಯ ಜೊಲ್ಲು ದಾರವಾಗಿ ಇಳಿಯುತ್ತಿತ್ತು.

"ಹುಚ್ಚುನಾಯಿ, ಯಾರನ್ನೋ ಕಡದು ರಗತಾ ಕುಡದೈತಿ," ಎಂದು ಹಿಂದಿನ ಸೀಟಿನಲ್ಲಿ ಯಾರೋ ಅಂದದ್ದೇ ತಡ, ಬಸ್ಸಿನ ಅರ್ಧ ಜನ ಸೀಟಿನ ಮೇಲೆ ಹತ್ತಿ ನಿಂತರು. ಹುಟ್ಟಿದಾಗಿನಿಂದ ಮೆಣಸಿನಕಾಯಿ ನೋಡಿದ ಬ್ಯಾಡಗಿಯವರಿಗೆ ಅದರ ಬಣ್ಣ ತಿಳಿಯದೇ ಎಂದು ನೀವು ಕೇಳಬಹುದು. ಕಾಲ ಬುಡದಲ್ಲಿ ನಾಯಿ ನಿಂತಾಗ ಯಾರೂ ಮಾಲು ಪರೀಕ್ಷೆ ಮಾಡುವುದಿಲ್ಲ. ಕಂಡಕ್ಟರ್ ಮೋಟೆಬೆನ್ನೂರಿನಲ್ಲಿ ಸೀಟಿ ಊದಿ ಇಬ್ಬರನ್ನೂ ಇಳಿಸಿದ.

ಲಾರಿಯೊಂದಕ್ಕೆ ಕೈ ಮಾಡಿ, ಡ್ರೈವರನ ಕೈಕಾಲು ಹಿಡಿದು ಹಾವೇರಿ ಮುಟ್ಟಿದರೆ ದನದ ಡಾಕ್ಟರು ಯಾವುದೋ ಹಳ್ಳಿಗೆ ಎಮ್ಮೆ ಈಯಿಸಲು ಹೋಗಿದ್ದರು. ಬಾಗಿಲ ಮುಂದಿನ ಬೇವಿನ ಗಿಡದ ನೆರಳಲ್ಲಿ ದನದ ದಲಾಲಿ ಇಸ್ಮಾಯಿಲಸಾಬ ಬೀಡಿ ಸೇದುತ್ತ ಕುಳಿತಿದ್ದ. ಎತ್ತಿನ ತುಟಿ ಎತ್ತಿ, ಹಲ್ಲು ನೋಡಿ ವಯಸ್ಸು ಹೇಳುವುದು ಅವನ ಕಸುಬು. ಚಟ ತಡೆಯದೆ ಮೋತಿಯ ತುಟಿಯನ್ನೂ ಎತ್ತಿದ. ಮೋತಿ ಗುರ್ ಎಂದಿತು. ಅವನು ಕೈ ಹಿಂದೆ ತೆಗೆದುಕೊಂಡು ಬೀಡಿ ಆರಿಸಿದ.

"ನಾಯಿ ನಾಕ ವರ್ಷದ್ದು. ಕೆಳಗಿನ ಸಾಲೂ ನಾಕ ವರ್ಷದ್ದು. ಮ್ಯಾಲಿನ ಸಾಲು ಮಾತ್ರ ಹೊಚ್ಚ ಹೊಸಾದು ಐತಿ ನೋಡಪಾ. ಹಲ್ಲಿನ ಮ್ಯಾಲ ಹಲ್ಲು ಬಂದಾವು."

"ಹಂಗೂ ಬರತಾವೇನ್ರಿ ಚಾಚಾ?"

"ಈ ಕಸಬಿನ್ಯಾಗ ಮುದುಕ ಆಗೇನಿ, ಇಂಥಾ ಬಾಯಿ ನೋಡಿಲ್ಲ. ಇದು ದನದ ಡಾಕ್ಟರ ಕೈಲೆ ನೀಗೂದಲ್ಲ. ರಾಣೆಬೆನ್ನೂರಾಗ ಇವತ್ತ ಬಿಟ್ಟಿ ಹಲ್ಲಿನ ಶಿಬಿರ ಐತಂತ. ಲಗೂ ಹೋಗು, ನಾಕ ಗಂಟೆಕ್ಕ ಮುಗೀತೈತಿ."

ಈ ಸಲ ಫಕ್ಕೀರೇಶ ಜಾಣನಾದ. ಖಾಲಿ ಮೆಣಸಿನಕಾಯಿ ಚೀಲ ಒಂದನ್ನು ಬೇಡಿ ತಂದು, ಗಾಳಿಗೆ ಎರಡು ತೂತು ಮಾಡಿ, ಊಳಿಟ್ಟು ದಣಿದಿದ್ದ ಮೋತಿಯನ್ನು ಒಳಗಿಟ್ಟು ತೊಡೆಯ ಮೇಲೆ ಇರಿಸಿಕೊಂಡು ರಾಣೆಬೆನ್ನೂರು ಬಸ್ಸಿನಲ್ಲಿ ಕುಳಿತ. ಬಸ್ಸು ಹೊರಟಿದ್ದೇ ತಡ, ಘಾಟಿಗೆ ಎಲ್ಲರೂ ಸೀನತೊಡಗಿದರು.

"ಏನೈತಿ ಅದರಾಗ?" ಎಂದು ಕೇಳಿದ ಕಂಡಕ್ಟರ್ ಕಣ್ಣೊರೆಸಿಕೊಳ್ಳುತ್ತ.

"ಮೆಣಸಿನಕಾಯಿ ರಿ."

ಆಗ ಚೀಲ ಸೀನಿತು. ಕಂಡಕ್ಟರ್ ಚೀಲವನ್ನು ನೋಡಿದ, ಫಕ್ಕೀರೇಶನನ್ನು ನೋಡಿದ, ತಾನೂ ಒಮ್ಮೆ ಸೀನಿ ಮುಂದೆ ಹೋದ. ಫಕ್ಕೀರೇಶನಿಗೆ ಮಾತ್ರ ಕುಳಿತಲ್ಲಿ ಮುಳ್ಳು ಚುಚ್ಚಿದಂತಾಗುತ್ತಿತ್ತು. ಹೊತ್ತು ಪಡುವಣಕ್ಕೆ ವಾಲುತ್ತಿತ್ತು, ಬಸ್ಸು ನೋಡಿದರೆ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತಿತ್ತು.

ಶಿಬಿರದ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವನು ತಲೆ ಎತ್ತದೆ ಕೇಳಿದ, "ಪೇಶೆಂಟ್ ಹೆಸರು?"

"ಮೋತಿ ರಿ."

"ವಯಸ್ಸು?"

"ನಾಕು."

"ತಂದಿ ಹೆಸರು?"

"ಅದು ಯಾರಿಗೂ ಗೊತ್ತಿಲ್ರಿ," ಎಂದ ಫಕ್ಕೀರೇಶ. ಬರೆಯುವವನು ಮರುಕದಿಂದ, "ಹೋಗಪಾ, ಮೊದಲ ಹೋಗು," ಎಂದು ಸಾಲು ತಪ್ಪಿಸಿ ಒಳಗೆ ಬಿಟ್ಟ.

ಚೀಲದಿಂದ ಇಳಿದ ಪೇಶೆಂಟನ್ನು ನೋಡಿ ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು.

"ಇದು ನಾಯಿ ಅಲ್ಲೇನ್ರಿ?"

"ಹೌದ್ರಿ. ಸಾರ್ವಜನಿಕರಿಗೆ ಅಂತ ಬೋರ್ಡ್ ಹಾಕೀರಿ, ನಾಯಿಗೆ ಇಲ್ಲ ಅಂತ ಎಲ್ಲೂ ಬರದಿಲ್ರಿ. ನಿಮ್ಮ ಕಾಲಿಗೆ ಬೀಳತೇನಿ ಸಾಹೇಬ್ರ. ಇದರ ಬಾಯಿ ಮುಚ್ಚಲಿಲ್ಲಂದ್ರ ಸಂಜಿಗೆ ನಾ ಬೀದಿಗೆ ಬೀಳತೇನಿ."

ಡಾಕ್ಟರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಮೋತಿ ಇದ್ದಷ್ಟು ಬಾಯಿ ತೆರೆದು ಸೀನಿತು. ಡಾಕ್ಟರ ಬೈಗುಳ ಅಲ್ಲಿಗೇ ನಿಂತಿತು. "ಹಿಡೀರಿ ಅದನ್ನ, ಗಟ್ಟಿ ಹಿಡೀರಿ," ಎಂದವರೇ ಇಕ್ಕಳ ಹಾಕಿ ಒಮ್ಮೆ ತಿರುವಿ ಎಳೆದರು. ಕಟಕ್ ಎಂದಿತು. ಇಕ್ಕಳದ ತುದಿಯಲ್ಲಿ ಗುಲಾಬಿ ಒಸಡಿನ ಸಮೇತ ಬೆಳ್ಳನೆಯ ಹಲ್ಲುಗಳ ಸಾಲು ನೇತಾಡುತ್ತಿತ್ತು. ಮನುಷ್ಯರ ಹಲ್ಲು. ಸಾಲಿನಲ್ಲಿ ಮುಂದೆ ಇದ್ದ ಅಜ್ಜನಿಗೆ ಹಲ್ಲುನೋವು ತಾನಾಗಿಯೇ ಹೋಯಿತು, ಎದ್ದು ಮನೆಗೆ ನಡೆದ.

"ಇದು ಕಟ್ಟಿಸಿದ ಹಲ್ಲು. ಮೂರು ತಿಂಗಳ ಹಿಂದ ನಾನೇ ಮಾಡಿಕೊಟ್ಟಿದ್ದು," ಎಂದರು ಡಾಕ್ಟರು, ಕಳೆದುಹೋದ ಮಗನನ್ನು ಗುರುತಿಸಿದವರಂತೆ.

"ಯಾರದ್ರಿ?"

"ಹೇಳಾಂಗಿಲ್ಲ. ಸೊಸಿಗೂ ಗೊತ್ತಾಗಬಾರದು ಅಂತ ಹನುಮಪ್ಪನ ಆಣಿ ಹಾಕಿಸಿಕೊಂಡು ಹೋಗ್ಯಾರ."

ಮೋತಿ ಬಾಯಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಆಮೇಲೆ ಡಾಕ್ಟರ ಕೈ ನೆಕ್ಕಿತು. ಫಕ್ಕೀರೇಶ ಹಲ್ಲನ್ನು ವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಬ್ಯಾಡಗಿಯ ಬಸ್ಸು ಹತ್ತಿದ. ನಡುದಾರಿಯಲ್ಲಿ ಕದರಮಂಡಲಗಿಯ ಶನಿವಾರದ ಭಕ್ತರು ಹಣೆಗೆ ಕುಂಕುಮ ಬಳಿದುಕೊಂಡು ಹತ್ತಿದಾಗ ಅವನ ತಲೆಯಲ್ಲಿ ದೀಪ ಹತ್ತಿತು. ಹನುಮಪ್ಪ. ಸೊಸೆ. ಮುಖದ ಮೇಲಿನ ಸೆರಗು. ಹುಟ್ಟಿದಾಗಿನಿಂದ ಸುಮ್ಮನೆ ಕೂತು ಗೊತ್ತಿಲ್ಲದ ಹೆಂಗಸಿಗೆ ಒಮ್ಮಿಂದೊಮ್ಮೆ ಮೌನ. ರಾತ್ರಿ ಹೊತ್ತು ಹಿತ್ತಲ ಕಿಟಕಿಯಲ್ಲಿ ಒಂದು ಬಟ್ಟಲು ಇಟ್ಟು, "ಹನುಮಪ್ಪನ ತೀರ್ಥ ಐತಿ, ಯಾರೂ ಮುಟ್ಟಬ್ಯಾಡ್ರಿ," ಎಂದು ನೀಲಗಂಗವ್ವ ತಾಕೀತು ಮಾಡುತ್ತಿದ್ದಳಲ್ಲ. ಮನುಷ್ಯರು ಯಾರೂ ಮುಟ್ಟಿರಲಿಲ್ಲ, ಅಷ್ಟು ಮಾತ್ರ ಖರೇ.

ದೀಪ ಹಚ್ಚುವ ಹೊತ್ತಿಗೆ ಓಣಿ ಪೂರ್ತಿ ಕಟ್ಟೆಯ ಮೇಲೆ ಕುಳಿತು ಕಾಯುತ್ತಿತ್ತು. ಮೋತಿ ಬಾಲ ಅಲ್ಲಾಡಿಸುತ್ತ, ಕುಂಯ್ ಎನ್ನದೆ ಒಳಗೆ ಹೋಯಿತು.

"ನಮ್ಮ ಮೆಣಸಿನಕಾಯಿ ಪ್ರತಾಪ," ಎಂದ ಮಾಲತೇಶಪ್ಪ. ನೀಲಗಂಗವ್ವ ಬಾಗಿಲಲ್ಲಿ ಸೆರಗಿನೊಳಗಿಂದಲೇ ಉರಿಗಣ್ಣು ಬಿಟ್ಟಳು. "ಅತ್ತಿಯವರ ಮೌನ ನಾಳಿಗೂ ಐತಂತ ರಿ," ಎಂದು ಸೋಮವ್ವ ಎಲ್ಲರಿಗೂ ಚಹಾ ಕೊಟ್ಟಳು.

ಪುಣ್ಯಾತ್ಮ ಅಲ್ಲಿಗೇ ಸುಮ್ಮನಿದ್ದಿದ್ದರೆ ನಾಯಿಯೂ ಉಳಿಯುತ್ತಿತ್ತು, ಖೋಲಿಯೂ ಉಳಿಯುತ್ತಿತ್ತು. ಆದರೆ ಅಷ್ಟು ದೊಡ್ಡ ಮನೆಯಲ್ಲಿ ಮುದುಕಿ ಬೆಳಗಿನಿಂದ ರೊಟ್ಟಿ ಮುರಿದಿಲ್ಲ ಎಂಬುದು ನೆನಪಾಗಿ ಫಕ್ಕೀರೇಶನಿಗೆ ಕನಿಕರವಾಯಿತು. ಜೊತೆಗೆ, ಈ ಉಪಕಾರಕ್ಕೆ ಇನ್ನು ಹತ್ತು ಸುಗ್ಗಿ ಖೋಲಿ ತನ್ನದೇ ಎಂಬ ಸಣ್ಣ ಆಸೆಯೂ ಇತ್ತು, ಇಲ್ಲವೆಂದು ಯಾಕೆ ಸುಳ್ಳು ಹೇಳಬೇಕು. ಸೋಮವ್ವ ನೀರಿಗೆ ಹೋದದ್ದನ್ನು ನೋಡಿಕೊಂಡು ಹಿತ್ತಲ ಬಾಗಿಲಿಗೆ ಬಂದು, ವಸ್ತ್ರದ ಗಂಟನ್ನು ಎರಡೂ ಕೈಯಿಂದ ಮುಂದೆ ಹಿಡಿದ.

ನೀಲಗಂಗವ್ವ ಗಂಟು ಬಿಚ್ಚಿ ನೋಡಿದಳು. ಸುತ್ತಮುತ್ತ ಕಣ್ಣಾಡಿಸಿದಳು. ಬಚ್ಚಲಿಗೆ ಹೋಗಿ ಬೂದಿ ಹಚ್ಚಿ ತಿಕ್ಕಿ, ಬಿಸಿನೀರು ಹೊಯ್ದು, ಗೋಡೆಯ ಕಡೆ ತಿರುಗಿ ನಿಂತಳು. ಕಟಕ್ ಎಂದು ಸದ್ದಾಯಿತು. ತಿರುಗಿದಾಗ ಸೆರಗು ಹೆಗಲ ಮೇಲಿತ್ತು, ಮುಖ ಮೊದಲಿನ ನೀಲಗಂಗವ್ವನದೇ.

"ಇದು ಯಾರ್ಯಾರಿಗೆ ಗೊತ್ತೈತಿ?"

"ಯಾರಿಗೂ ಗೊತ್ತಿಲ್ರಿ ಅವ್ವಾರ. ಡಾಕ್ಟರು ಆಣಿ ಮಾಡ್ಯಾರ. ಇನ್ನ ನನಗ ಮತ್ತ ಮೋತಿಗೆ, ಅಷ್ಟ."

ನೀಲಗಂಗವ್ವ ಹೊಸ್ತಿಲ ಮೇಲೆ ಮಲಗಿದ್ದ ಮೋತಿಯನ್ನು ನೋಡಿದಳು, ಆಮೇಲೆ ಫಕ್ಕೀರೇಶನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನಾಯಿ ಇಲ್ಲೇ ಇರಲಿ. ಪಾಪ, ಮೂಕ ಪ್ರಾಣಿ, ಯಾರ ಮುಂದ ಏನ್ ಹೇಳತೈತಿ," ಎಂದಳು. "ನೀ ನಾಳೆ ಮುಂಜಾನೆ ಖೋಲಿ ಖಾಲಿ ಮಾಡು."

ಮೋತಿ ಬಾಯಿ ಮುಚ್ಚಿಕೊಂಡು ಮಲಗಿತ್ತು.